ಉಳಿ ಹಿಡಿದವನ ಹೆಸರು

ಹಾಸನದ ಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷದಿಂದ ಸುದ್ದಿ ತಿದ್ದುತ್ತಿದ್ದೇನೆ. ‘ರೂವಾರಿ’ ಎಂಬ ಪದ ನನ್ನ ಕೈಮೇಲೆ ಎಷ್ಟು ಸಲ ಹಾದುಹೋಗಿದೆಯೋ ಲೆಕ್ಕವಿಲ್ಲ. ದರೋಡೆಯ ರೂವಾರಿ ಸೆರೆ, ಕೊಲೆಯ ರೂವಾರಿ ಪರಾರಿ. ಉಸ್ತುವಾರಿಯ ಜಾತಿಯದೇ ಇದೂ ಇರಬೇಕು, ತಾನು ಕೈಹಾಕದೆ ಹಿಂದೆ ನಿಂತು ಬೇರೆಯವರಿಂದ ಮಾಡಿಸುವವನು ಎಂದೇ ನಂಬಿದ್ದೆ. ನಿಘಂಟು ತೆಗೆಯಬೇಕು ಅಂತ ಒಂದು ದಿನವೂ ಅನಿಸಲಿಲ್ಲ. ಗೊತ್ತಿಲ್ಲದ ಪದಕ್ಕೆ ತಾನೇ ನಿಘಂಟು ನೋಡುವುದು!

ಕಳೆದ ಮಾಘದಲ್ಲಿ ಚನ್ನರಾಯಪಟ್ಟಣದ ಕಡೆ ನೆಂಟರ ಬೀಗರೂಟ ಮುಗಿಸಿ ಹೊರಟಾಗ ದೊಡ್ಡಪ್ಪ, “ನುಗ್ಗೇಹಳ್ಳಿ ಇಲ್ಲೇ ಐತೆ, ನೋಡ್ಕಂಡು ಹೋಗಣ ನಡಿಯವ್ವ” ಅಂದರು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಬೇಲೂರು, ಹಳೇಬೀಡಿಗೆ ಹತ್ತಾರು ಸಲ ಹೋಗಿದ್ದ ನಾನು ನುಗ್ಗೇಹಳ್ಳಿಗೆ ಕಾಲಿಟ್ಟಿರಲಿಲ್ಲ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ ಅಲ್ಲಿದೆ.

ದೊಡ್ಡಪ್ಪ ಒಳಗೆ ಹೋಗುವ ಮೊದಲೇ ಉತ್ತರದ ಗೋಡೆಯ ಹತ್ತಿರ ಕರೆದರು. ಒಂದು ವಿಗ್ರಹದ ಪೀಠಕ್ಕೆ ಮೊಬೈಲಿನ ಟಾರ್ಚನ್ನು ಎದುರಿನಿಂದ ಬಿಡದೆ, ಪಕ್ಕದಿಂದ, ಕಲ್ಲಿಗೆ ಸವರಿಕೊಂಡು ಹೋಗುವ ಹಾಗೆ ಹಿಡಿದರು. ನಾನು ಬರೀ ಗೀರು ಅಂದುಕೊಂಡಿದ್ದ ಗೆರೆಗಳಲ್ಲಿ ನೆರಳು ತುಂಬಿಕೊಂಡು ಅಕ್ಷರಗಳು ಎದ್ದವು. ನನಗೆ ಒಂದೂ ಸರಿಯಾಗಿ ಓದಲು ಬರಲಿಲ್ಲ. ಅವರು ಬೆರಳು ತಾಗಿಸದೆ, ಗಾಳಿಯಲ್ಲೇ ತೋರಿಸುತ್ತಾ ಓದಿದರು: “ಮ-ಲ್ಲಿ-ತ-ಮ್ಮ. ಈ ಗೋಡೆಯ ರೂವಾರಿ.”

“ಕಟ್ಸಿದ್ದು ಬೊಮ್ಮಣ್ಣ ಅಂದ್ರಲ್ಲ ದೊಡ್ಡಪ್ಪ, ಈಯಮ್ಮ ಯಾರು?”

“ಅಮ್ಮ ಅಲ್ಲ, ತಮ್ಮ. ಗಂಡಸು. ದಂಡನಾಯಕ ದುಡ್ಡು ಕೊಟ್ಟೋನು. ರೂವಾರಿ ಅಂದ್ರೆ ಉಳಿ ಹಿಡಿದೋನು ಕಣವ್ವ. ರೂಪ ಮಾಡೋನು, ರೂಪಕಾರಿ. ಅದೇ ಸವೆದು ರೂವಾರಿ.”

ಎರಡನ್ನೂ ಅಕ್ಕಪಕ್ಕ ಇಟ್ಟು ಅವರು ಹೇಳಿದ ಮೇಲೆ ಇನ್ನೇನು ಕೇಳುವುದಿತ್ತು? ಮುಖ ಬಿಸಿಯಾಯಿತು. ದಕ್ಷಿಣದ ಕಡೆಯ ಶಿಲ್ಪಗಳು ನಂದಿ ಊರಿನ ಬೈಚೋಜ ಎಂಬ ಇನ್ನೊಬ್ಬ ರೂವಾರಿಯವು ಎಂದು ದೊಡ್ಡಪ್ಪ ಅತ್ತ ನಡೆದರು. ನಾನು ಅಲ್ಲೇ ನಿಂತಿದ್ದೆ. ಬಳಪದ ಕಲ್ಲು ಗಣಿಯಿಂದ ಎತ್ತಿದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಮಲ್ಲಿತಮ್ಮ ಅದರಲ್ಲಿ ಕಾಲಿನ ಗೆಜ್ಜೆಯ ಒಂದೊಂದು ಗುಂಡನ್ನೂ ಬಿಡಿಸಿದ್ದಾನೆ, ಕೊರಳ ಹಾರದ ಹಿಂದೆ ಉಳಿ ತೂರಿಸಿ ಕತ್ತಲು ತೆಗೆದಿದ್ದಾನೆ. ತರೀಕೆರೆ ಪಕ್ಕದ ಅಮೃತಾಪುರದ 1196ರ ಗುಡಿಯಲ್ಲಿ ಕೆಲಸ ಶುರುಮಾಡಿದವನು ಇವನು. 1258ರ ಸೋಮನಾಥಪುರದಲ್ಲೂ ಇವನ ಹೆಸರಿದೆ. ಅರವತ್ತು ವರ್ಷ ಕಲ್ಲಿನ ಧೂಳು ಕುಡಿದವನ ಪದವನ್ನು ನಾನು ‘ಕೈಹಾಕದವನು’ ಅಂತ ತಿಳಿದಿದ್ದೆ.

ಪದದ ಅರ್ಥ ಹೊರಳುವುದು ಹೊಸದಲ್ಲ, ಗೊತ್ತು. ಅಣೆಕಟ್ಟಿನ ರೂವಾರಿ, ಯೋಜನೆಯ ರೂವಾರಿ ಎಂದರೆ ನನಗೆ ಒಪ್ಪಿಗೆಯೇ, ಅಲ್ಲಿ ಏನೋ ಒಂದು ರೂಪ ಪಡೆದಿರುತ್ತದೆ. ಕೊಲೆಗೆ ಆ ಪದ ಕೊಡಲು ಮಾತ್ರ ಇನ್ನು ನನ್ನಿಂದಾಗದು.

ಮಾರನೆಯ ರಾತ್ರಿಯೇ ಬಂತು: ‘ಸರಗಳವು ಜಾಲದ ರೂವಾರಿ ಬಂಧನ’.

“ಓದುಗರಿಗೆ ರೂಢಿಯಾದ ಪದ ಅಲ್ವಾ ಮೇಡಂ, ಯಾಕೆ ತೆಗೀತೀರಾ?” ಎಂದ ಪುಟ ಕಟ್ಟುವ ಹುಡುಗ. ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಪೀಠದ ಚಿತ್ರ ತೋರಿಸಿದೆ. ಹಿಗ್ಗಿಸಿ ನೋಡಿದ, ಮಾತಾಡಲಿಲ್ಲ. ‘ಪ್ರಮುಖ ಆರೋಪಿ’ ಎಂದು ಹಾಕಿದೆವು. ಶೀರ್ಷಿಕೆ ಕಾಲಂ ದಾಟಿತು. ‘ಬಂಧನ’ ತೆಗೆದು ‘ಸೆರೆ’ ಮಾಡಿ ಹಿಡಿಸಿದ.