ಮಂಗಳದಲ್ಲಿ ಕಾಫಿ ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ

ಹನ್ನೊಂದನೇ ಅಧ್ಯಾಯ ಮುಗಿಯಿತು. ಇನ್ನು ಮೂರು ಬಾಕಿ. ಮಳೆಗಾಲ ಕಳೆಯುವುದರೊಳಗೆ ಕಾದಂಬರಿ ಮುಗಿಸುತ್ತೇನೆ ಅಂತ ಹಿಂದೆ ಬರೆದಿದ್ದೆ, ಆಗಲಿಲ್ಲ. ಆದರೆ ತಡ ಆದದ್ದರಿಂದಲೇ ಪುಸ್ತಕ ಚೆನ್ನಾಗಾಗಿದೆ, ಹಾಗಾಗಿ ಯಾಕೆ ತಡವಾಯಿತು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕೊಡಗಿನ ನಾಪೋಕ್ಲು ಕಡೆಯ ಒಬ್ಬಳು ಹುಡುಗಿ ಮಂಗಳ ಗ್ರಹದಲ್ಲಿ ಗಾಜಿನ ಮನೆ ಕಟ್ಟಿ ಕಾಫಿ ಬೆಳೆಸುತ್ತಾಳೆ. ಅವಳ ಅಜ್ಜಿ ಇಲ್ಲೇ ತೋಟದಲ್ಲಿದ್ದಾರೆ. ಮಂಗಳ ಹತ್ತಿರ ಇದ್ದಾಗ ಒಂದು ಮಾತು ತಲುಪಲು ಸುಮಾರು 3 ನಿಮಿಷ ಬೇಕು, ದೂರ ಹೋದಾಗ 22 ನಿಮಿಷ. ಇವಳು ಕೇಳಿದ್ದಕ್ಕೆ ಅಜ್ಜಿಯ ಉತ್ತರ ಬರುವಷ್ಟರಲ್ಲಿ ಅನ್ನ ಬೆಂದಿರುತ್ತದೆ.

ಮೊದಲ ಸಲ ಬರೆದಾಗ ಅವಳು ರೋಬಸ್ಟಾ ಜಾತಿಯ ಒಂದು ಒಳ್ಳೆಯ ಕಾಫಿ ಗಿಡದಿಂದ ಕಡ್ಡಿ ತೆಗೆದು, ಬೇರು ಬರಿಸಿ, ಅಷ್ಟೂ ಗಿಡಗಳನ್ನು ಅದರಿಂದಲೇ ಮಾಡಿಕೊಂಡಿದ್ದಳು. ನಮ್ಮಲ್ಲಿ ಮಾಡುವ ಹಾಗೇ ಗಿಡಗಳನ್ನು ಚೆನ್ನಾಗಿ ಬಾಡಿಸಿ, ಆಮೇಲೆ ಹೂಮಳೆಯ, ಅಂದರೆ ಕಾಫಿ ಹೂ ಬಿಡಿಸುವ ಮಳೆಯ ಬದಲು ಸ್ಪ್ರಿಂಕ್ಲರ್ ಬಿಟ್ಟಳು. ಒಂಬತ್ತನೇ ದಿನ ಗಾಜಿನ ಮನೆಯೆಲ್ಲ ಬೆಳ್ಳಗಾಯಿತು. ಆ ಪರಿಮಳದ ಬಗ್ಗೆಯೇ ಆರು ಪುಟ ಬರೆದಿದ್ದೆ. ಮುಂದಿನ ಅಧ್ಯಾಯದಲ್ಲಿ ಹಣ್ಣು ಕುಯ್ಲು.

ಪ್ರಿಂಟ್ ತೆಗೆದು ಪಕ್ಕದ ತೋಟದ ಮಾವನಿಗೆ ಕೊಟ್ಟೆ. ಅವರು ಓದುವುದು ಪೇಪರ್ ಮಾತ್ರ, ಇಂಥ ಕಥೆ ಅವರಿಗೆ ಇದೇ ಮೊದಲು. ಮೂರನೇ ದಿನ ಬಂದು ಜಗಲಿಯಲ್ಲಿ ಕೂತರು.

“ಹೂವಿನ ಭಾಗ ಬಹಳ ಚೆನ್ನಾಗಿದೆ ಮಗಳೇ. ಆದರೆ ಕಾಯಿ ಹೇಗೆ ಕಟ್ಟಿತು?”

“ಹೂ ಬಿಟ್ಟ ಮೇಲೆ ಕಟ್ಟಲೇಬೇಕಲ್ವಾ ಮಾವ?”

“ಅರೇಬಿಕಾ ಆದರೆ ಸರಿ. ಇದು ರೋಬಸ್ಟಾ. ಒಂದೇ ಗಿಡದ ಕಡ್ಡಿಯಿಂದ ತೋಟವೆಲ್ಲ ಮಾಡಿದ್ದೀಯಲ್ಲ, ಎಲ್ಲಾ ಒಂದೇ ಗಿಡ ಇದ್ದ ಹಾಗಾಯಿತು.”

ತೋಟದಲ್ಲೇ ಬೆಳೆದವಳು ನಾನು, ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಅರೇಬಿಕಾಕ್ಕೆ ತನ್ನ ಪರಾಗವೇ ಸಾಕು. ರೋಬಸ್ಟಾಕ್ಕೆ ಸಾಲದು, ಬೇರೆ ಗಿಡದ ಪರಾಗ ಬೇಕು, ಅದೂ ಬೇರೆ ತಳಿಗುಣದ್ದು. ತನ್ನದೇ ಪರಾಗ ಬಿದ್ದರೆ ಹೂವು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂದರೆ ನನ್ನ ಹುಡುಗಿ ಮಲ್ಲಿಗೆಯಂಥ ಆ ಪರಿಮಳದ ನಡುವೆ ನಿಂತು ಕಾಯುತ್ತಾಳೆ, ಹೂವೆಲ್ಲ ಕಂದಾಗಿ ಉದುರುತ್ತದೆ, ಒಂದು ಕಾಯಿಯೂ ನಿಲ್ಲುವುದಿಲ್ಲ.

ಮೂರು ಅಧ್ಯಾಯ ತೆಗೆದು ಹಾಕಿದೆ.

ಮೊದಲು ಸುಲಭದ ದಾರಿ ಹಿಡಿದೆ. ಹೊರಡುವಾಗ ಅಜ್ಜಿ ಕಟ್ಟಿಕೊಟ್ಟ ಪುಟ್ಟ ಚೀಲದಲ್ಲಿ ಬೇರೆ ಗಿಡದ ಬೀಜ ಇತ್ತು, ಅದನ್ನು ಬಿತ್ತಿದಳು ಅಂತ ಬರೆದೆ. ಅದೂ ನಿಲ್ಲಲಿಲ್ಲ. ಕಾಫಿ ಬೀಜ ಹಾಗೆ ಇಟ್ಟರೆ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಮಂಗಳಕ್ಕೆ ಹೋಗುವ ದಾರಿಯೇ ಏಳು ತಿಂಗಳು. ಹಾಗಾಗಿ ಈಗಿನ ಕಥೆಯಲ್ಲಿ ಅಜ್ಜಿ ಇನ್ನೊಂದು ಸಸಿಯನ್ನೇ ಕಳಿಸುತ್ತಾರೆ, ನೌಕೆಯ ಡಾಕ್ಟರು ಅದನ್ನು ತಮ್ಮ ಕೋಣೆಯ ದೀಪದ ಕೆಳಗೆ ಇಟ್ಟುಕೊಂಡು ಸಾಕುತ್ತಾರೆ. ಆ ಸಸಿ ಹೂ ಬಿಡಬೇಕಾದರೆ ನಮ್ಮ ಲೆಕ್ಕದಲ್ಲಿ ಮೂರ್ನಾಲ್ಕು ವರ್ಷ. ಮಂಗಳದ ಒಂದು ವರ್ಷ ಅಂದರೆ ನಮ್ಮ 687 ದಿನ, ಹಾಗಾಗಿ ಆ ಮೂರ್ನಾಲ್ಕು ವರ್ಷ ಅಲ್ಲಿನವರ ಲೆಕ್ಕದಲ್ಲಿ ಸುಮಾರು ಎರಡು ವರ್ಷ. ಅಜ್ಜಿಗೆ ಆಗಲೇ 78. ಮೊದಲು ನಾನು ಯಂತ್ರಗಳ ಬಗ್ಗೆ ಜಾಸ್ತಿ ಬರೆಯುತ್ತಿದ್ದೆ, ಈಗ ಪುಸ್ತಕ ತುಂಬ ಆ ಕಾಯುವಿಕೆಯೇ ಇದೆ, ಬರೆಯುವಾಗ ಎರಡು ಸಲ ಎದ್ದು ಹೋಗಿ ಅಂಗಳದಲ್ಲಿ ನಿಂತು ಬಂದೆ.

ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ, ನೆಟ್‌ವರ್ಕೂ ಇಲ್ಲ. ಒಂಬತ್ತನೇ ಅಧ್ಯಾಯವನ್ನು ಆಗ ಕೈಯಲ್ಲೇ ಬರೆದೆ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ನಮ್ಮ ಮತ್ತು ಮಂಗಳದ ನಡುವೆ ಬರುತ್ತಾನೆ, ಆಗ ಎರಡು ವಾರದ ಹಾಗೆ ಅಲ್ಲಿಗೆ ಆದೇಶ ಕಳಿಸುವುದನ್ನು ನಿಲ್ಲಿಸುತ್ತಾರೆ. ಆ ಎರಡು ವಾರದ ಕಥೆ ಅದು.

ಇನ್ನು ಮೊದಲ ಪುಸ್ತಕದ ಸಂಗತಿ. 192 ಪುಟ, ಅಂದರೆ ಹದಿನಾರು ಪುಟದ 12 ಫಾರಂ, 300 ಪ್ರತಿ ಹಾಕಿಸಿದ್ದೆ. ಪ್ರೆಸ್ಸಿನಲ್ಲಿ ನನ್ನ ಯೂನಿಕೋಡ್ ಫೈಲನ್ನು ಹಳೆಯ ನುಡಿ ಫಾಂಟಿಗೆ ಬದಲಾಯಿಸಿದಾಗ ಅರ್ಕಾವತ್ತೆಲ್ಲ ಚೆಲ್ಲಾಪಿಲ್ಲಿ, ‘ಸೂರ್ಯ’ ಬಂದ ಕಡೆಯೆಲ್ಲ ತಪ್ಪು. ಬಾಹ್ಯಾಕಾಶದ ಕಥೆಯಲ್ಲಿ ಸೂರ್ಯ ಎಷ್ಟು ಸಲ ಬರುತ್ತಾನೆ ನೋಡಿ! ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರು ದಯವಿಟ್ಟು ಕೊನೆಯ ಪ್ರೂಫ್ ಅನ್ನು ಕಾಗದದ ಮೇಲೆ ನೀವೇ ನೋಡಿ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇವತ್ತಿಗೆ 214 ಪ್ರತಿ ಹೋಗಿದೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಮುಖಪುಟ ಹಾಕಿದರೆ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ, ಕೊಳ್ಳುವುದು ಕಡಿಮೆ. ಮೂರು ನಿಮಿಷದ ಒಂದು ಭಾಗವನ್ನು ನಾನೇ ಓದಿ ವಾಯ್ಸ್ ಕಳಿಸಿದಾಗ ಮಾತ್ರ ‘ಮುಂದೇನಾಯಿತು?’ ಅಂತ ಫೋನ್ ಬಂತು. ಮಡಿಕೇರಿಯಲ್ಲಿ ಪರಿಚಯದವರ ಅಂಗಡಿಯಲ್ಲಿ ಕಾಫಿ ಪುಡಿ, ಜೇನಿನ ಬಾಟಲಿ ಪಕ್ಕ ಹತ್ತು ಪ್ರತಿ ಇಟ್ಟಿದ್ದೆ, ಎಲ್ಲವೂ ಹೋಯಿತು.

ಎಲ್ಲಕ್ಕಿಂತ ಖುಷಿಯಾದದ್ದು ಒಂದು ಶಾಲೆಯಲ್ಲಿ. ಏಳನೇ ಕ್ಲಾಸಿನ ಹುಡುಗಿ ಎದ್ದು, ಹೊಸ ಕಥೆಯಲ್ಲಿ ಪರಾಗ ಒಯ್ಯಲು ಜೇನು ಬೇಕಲ್ವಾ, ಅದು ಅಲ್ಲಿ ಹಾರುತ್ತಾ ಅಂತ ಕೇಳಿದಳು. 1984ರಲ್ಲಿ ಚಾಲೆಂಜರ್ ನೌಕೆಯಲ್ಲಿ ಜೇನುಹುಳಗಳನ್ನು ಒಯ್ದಿದ್ದರು, ತೂಕವೇ ಇಲ್ಲದ ಕಡೆಯೂ ಅವು ಎರಿ ಕಟ್ಟಿದವು ಅಂತ ಹೇಳಿದೆ. ಮಂಗಳದಲ್ಲಿ ನಮ್ಮ ತೂಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಹಾಗಾಗಿ ಹತ್ತನೇ ಅಧ್ಯಾಯಕ್ಕೆ ಒಂದು ತುಡುವೆ ಜೇನಿನ ಪೆಟ್ಟಿಗೆ ಸೇರಿದೆ.

ಉಳಿದ 86 ಪ್ರತಿ ನನ್ನ ಹತ್ತಿರವೇ ಇವೆ, ಬೇಕಾದವರು ಬರೆಯಿರಿ, ಅಂಚೆಯಲ್ಲಿ ಕಳಿಸುತ್ತೇನೆ. ಹನ್ನೊಂದನೇ ಅಧ್ಯಾಯದ ಪ್ರಿಂಟ್ ನಿನ್ನೆ ಸಂಜೆ ಮಾವನ ಕೈಗೆ ಕೊಟ್ಟೆ. ಕಣದಲ್ಲಿ ಕಾಫಿ ಒಣಗುತ್ತಿದೆ, ಮೂಟೆ ಕಟ್ಟಿದ ಮೇಲೆ ಓದುತ್ತೇನೆ ಅಂದಿದ್ದಾರೆ.