1.23ರಿಂದ ಗುಣಿಸಿದ ಕುದುರೆಗಳು

ಡೈನೋ ಅಂದರೆ ಕಾರಿನ ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಮಷೀನ್. ಅದರ ಶೀಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಗ್ರಾಫಿನ ತುದಿಗೆ. ಕೆಳಗಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಸಿಎಫ್, ಅಂದರೆ ಕರೆಕ್ಷನ್ ಫ್ಯಾಕ್ಟರ್, ಅಂತ ಒಂದು ನಂಬರ್ ಇರುತ್ತದೆ. ಅಳೆದ ಪವರನ್ನು ಸ್ಟ್ಯಾಂಡರ್ಡ್ ಗಾಳಿಯ ಲೆಕ್ಕಕ್ಕೆ ತರಲು ಇದರಿಂದ ಗುಣಿಸುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ನಮ್ಮ ಶಾಪ್ ಇರುವುದು ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಮೇಲೆ. ಇಲ್ಲಿ ನಡೆಯುವ ಅರ್ಧ ಜಗಳಕ್ಕೆ ಆ ನಂಬರೇ ಕಾರಣ.

ಈಚೆಗೆ ಒಂದು ವಿ8 ಎಂಜಿನ್ ಕಾರು ಬಂದಿತ್ತು. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟ್ವಿನ್ ಸ್ಕ್ರೂ ಸೂಪರ್‌ಚಾರ್ಜರ್ (ಬ್ಲೋವರ್), ಅದನ್ನು ಬೆಲ್ಟಿನಿಂದ ತಿರುಗಿಸಲು ಕಿಟ್ ಜೊತೆ ಬಂದಿದ್ದ ಪುಲ್ಲಿ, ಆ ಗಾಳಿಯನ್ನು ತಣಿಸುವ ನೀರಿನ ಇಂಟರ್‌ಕೂಲರ್. ಓನರ್ ಕಾರು ತಗೊಂಡಿದ್ದು ಕೆಳಗೆ, ಸಮುದ್ರದ ಪಕ್ಕದಲ್ಲಿ. ಅಲ್ಲಿನ ಡೈನೋ ಶೀಟನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಚಕ್ರದಲ್ಲಿ 520 ಎಚ್‌ಪಿ, ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, 9 ಪಿಎಸ್‌ಐ. ಇಲ್ಲೂ ಅಷ್ಟೇ ಬರುತ್ತದೆಯಾ ನೋಡಬೇಕು ಅಂದರು.

ಸ್ಟ್ರಾಪ್ ಬಿಗಿದು, ಫ್ಯಾನ್ ಹಾಕಿ, ಗಾಳಿ-ಪೆಟ್ರೋಲ್ ಅನುಪಾತ ನೋಡುವ ವೈಡ್‌ಬ್ಯಾಂಡ್ ಸೆನ್ಸರ್ ಸಿಕ್ಕಿಸಿ, ನಾಲ್ಕನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಒಂದು ಪುಲ್ ಹಾಕಿದೆ. ಸ್ಕ್ರೀನ್ ಮೇಲೆ 410 ಬಂತು.

ಓನರ್ ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಮ್ಮ ಹಳೇ ಶೀಟನ್ನು ಮಾನಿಟರ್ ಪಕ್ಕಕ್ಕೆ ಹಿಡಿದು ಸುಮ್ನೆ ನಿಂತರು. ಬೆಲ್ಟ್ ಜಾರುತ್ತಿದೆಯಾ ಅಂತ ಬಾನೆಟ್ ತೆಗೆದು ನೋಡಿದೆ. ಸರಿ ಇತ್ತು. ಬೂಸ್ಟ್ ಹೊರಬಿಡುವ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚುತ್ತಿತ್ತು. ಥ್ರಾಟಲ್ 100 ಪರ್ಸೆಂಟ್ ತೆರೆಯುತ್ತಿತ್ತು. ಎಎಫ್‌ಆರ್, ಅಂದರೆ ಗಾಳಿ-ಪೆಟ್ರೋಲ್ ಅನುಪಾತ, ಚೆನ್ನಾಗಿತ್ತು. ಇನ್ನೊಂದು ಪುಲ್ ಹಾಕಿದರೆ ಮತ್ತೆ ಅದೇ 410. ಮ್ಯಾನೇಜರ್ ಗಾಜಿನ ಆಚೆಯಿಂದ ಕೈಯಲ್ಲೇ 'ಏನು' ಅಂತ ಕೇಳುತ್ತಿದ್ದರು. ಇಂಥ ಹೊತ್ತಿನಲ್ಲಿ ಅವರಿಗೆ ಗಾಜಿನ ಈಚೆ ಬರುವ ಅಭ್ಯಾಸವಿಲ್ಲ.

ಕೊನೆಗೆ ಕಣ್ಣು ಆ ಮೂಲೆಗೆ ಹೋಯಿತು. ಸಿಎಫ್ 0.98 ಅಂತಿತ್ತು. ನಮ್ಮ ಎತ್ತರದಲ್ಲಿ ಅದು ಸಾಧ್ಯವೇ ಇಲ್ಲ. ವಿಷಯ ಏನೆಂದರೆ, ಡೈನೋದ ವೆದರ್ ಸ್ಟೇಶನ್ ವೈರು ಹಿಂದಿನ ದಿನದಿಂದ ಲೂಸ್ ಆಗಿತ್ತು. ನಮ್ಮ ಹೊಸ ಹುಡುಗ ಸಹಾಯ ಆಗಲಿ ಅಂತ ಫೋನಿನ ಹವಾಮಾನ ಆ್ಯಪ್ ನೋಡಿ 1015 ಮಿಲಿಬಾರ್ ಅಂತ ಕೈಯಲ್ಲೇ ತುಂಬಿಸಿದ್ದ. ಆ ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ. ನಮ್ಮ ಕೋಣೆಯೊಳಗೆ ನಿಜವಾಗಿ ಇದ್ದದ್ದು 835. ಮಷೀನಿನ ಪ್ರಕಾರ ನಾವು ಸಮುದ್ರದ ದಡದಲ್ಲೇ ಕೂತಿದ್ದೆವು.

ಸರಿಯಾದ ಒತ್ತಡ ಹಾಕಿದ ಮೇಲೆ ಸಿಎಫ್ 1.234 ಆಯಿತು. ರೋಲರ್ ಅಳೆದ ಕಚ್ಚಾ ನಂಬರ್ 418 ಇತ್ತು, ಕರೆಕ್ಟ್ ಆಗಿದ್ದು 516. ಓನರ್ ಮುಖ ಅರಳಿತು. ಹುಡುಗನಿಗೆ ಬೈಯಲು ಮನಸ್ಸು ಬರಲಿಲ್ಲ. ಒತ್ತಡವನ್ನು ಕೈಯಲ್ಲಿ ತುಂಬಿಸಲು ಬಿಟ್ಟು, ಅದು ಯಾವ ಒತ್ತಡ ಅಂತ ಒಂದು ಮಾತೂ ಬರೆಯದ ಸಾಫ್ಟ್‌ವೇರಿಗೆ ಬೈಯಬೇಕು.

ಇಲ್ಲಿಗೆ ಮುಗಿದಿದ್ದರೆ ಈ ಪೋಸ್ಟೇ ಇರುತ್ತಿರಲಿಲ್ಲ.

ಓನರ್ ಹೊರಡುವ ಮೊದಲು ಬೂಸ್ಟ್ ಗೇಜ್ ತೋರಿಸಿದರು. "ಕೆಳಗೆ 9 ಬರುತ್ತಿತ್ತು, ಇಲ್ಲಿ 7.4 ಬರ್ತಿದೆ. ಮಿಕ್ಕಿದ್ದು ಎಲ್ಲಿ ಹೋಯ್ತು?" ಎಲ್ಲೂ ಹೋಗಿಲ್ಲ. ಪುಲ್ಲಿ ಬದಲಾಗದಿದ್ದರೆ ಬ್ಲೋವರ್ ಒಂದೊಂದು ಸಲ ತಿರುಗಿದಾಗಲೂ ಅಷ್ಟೇ ಲೀಟರ್ ಗಾಳಿ ತಳ್ಳುತ್ತದೆ. ಒತ್ತಡದ ಅನುಪಾತ ಹೆಚ್ಚುಕಮ್ಮಿ ಅದೇ ಇರುತ್ತದೆ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ. ಅದಕ್ಕೆ 9 ಸೇರಿದರೆ 23.7, ಅಂದರೆ ಅನುಪಾತ 1.61. ನಮ್ಮಲ್ಲಿ ಹೊರಗಿನದ್ದೇ 12.1. ಅದನ್ನು 1.61ರಿಂದ ಗುಣಿಸಿದರೆ 19.5. ಹೊರಗಿನದ್ದನ್ನು ಕಳೆದು ಗೇಜ್ ತೋರಿಸುವುದು 7.4. ಇದನ್ನೆಲ್ಲ ಪೇಪರ್ ಮೇಲೆ ಬರೆದು ತೋರಿಸಿದೆ. ತಲೆಯಾಡಿಸಿದರು. ಆಮೇಲೆ "ಹಾಗಾದ್ರೆ ಸಣ್ಣ ಪುಲ್ಲಿ ಹಾಕಿ, 9 ಬರಲಿ" ಅಂದರು.

ನಾನು ಆಗಲಿ ಅಂದೆ. ಈಗಲೂ ಹೊಟ್ಟೆ ಉರಿಯುವುದು ಈ ಒಂದು ಮಾತಿಗೆ. ಬೆಳಗ್ಗೆ 516 ಬಂದಿತ್ತಲ್ಲ, ಕೆಳಗಿನ 520ಕ್ಕೆ ಎಷ್ಟು ಹತ್ತಿರ! ಸಿಎಫ್ ನಿಜ ಹೇಳುತ್ತದೆ ಅಂತ ಆ ಹೊತ್ತಿಗೆ ನನಗೆ ಪೂರ್ತಿ ನಂಬಿಕೆ ಬಂದುಬಿಟ್ಟಿತ್ತು. ಅದು ನಿಜ ಹೇಳಿದ್ದು ಯಾಕೆ ಅಂತ ಕೇಳಿಕೊಳ್ಳಲಿಲ್ಲ. ಆ ಎಂಜಿನ್ ಕೆಳಗೆ, ಅದೇ ಪುಲ್ಲಿಯಲ್ಲಿ, ನಾಕ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗೇ ಸಿಡಿಯುವುದು) ಇಲ್ಲದೆ ಓಡಿ ತೋರಿಸಿತ್ತು. ಹಾಗಾಗಿ ಲೆಕ್ಕವೂ ಒಟ್ಟಿಗೆ ಬಂತು, ಅಷ್ಟೇ.

ಬ್ಲೋವರನ್ನು ಇನ್ನೂ ಜೋರಾಗಿ ತಿರುಗಿಸುವ ಸಣ್ಣ ಪುಲ್ಲಿ ಹಾಕಿ ಮತ್ತೆ ರೋಲರ್ ಮೇಲೆ ತಂದೆವು. ಮೊದಲ ಪುಲ್‌ನಲ್ಲಿ ಬೂಸ್ಟ್ 9 ಮುಟ್ಟಿತು. ಎರಡನೆಯದರಲ್ಲಿ ಇಂಟೇಕ್ ಟೆಂಪರೇಚರ್ ಏರತೊಡಗಿತು. ಗೇಜ್ ತೋರಿಸುವುದು ಕೆಳಗಿನ ಹಾಗೆ 9 ಆದರೂ ಅನುಪಾತ ಈಗ 1.74. ಬ್ಲೋವರ್ ಗಾಳಿಯನ್ನು ಜಾಸ್ತಿ ಹಿಂಡುತ್ತದೆ, ಗಾಳಿ ಜಾಸ್ತಿ ಕಾಯುತ್ತದೆ. ತೆಳು ಗಾಳಿ ಅಂದಮೇಲೆ ನಮ್ಮ ಫ್ಯಾನ್ ರೇಡಿಯೇಟರಿಗೆ ತಳ್ಳುವುದೂ ಕಡಿಮೆ ಗಾಳಿ. ಮೂರನೇ ಪುಲ್‌ಗೆ 5500 ಆರ್‌ಪಿಎಂ ದಾಟುವಾಗ ಬೆಲ್ಟ್ ಒಮ್ಮೆ ಕಿರುಚಿತು. ನನ್ನ ಬೆರಳು ಸ್ಟಾಪ್ ಬಟನ್ ಮೇಲೇ ಇತ್ತು. ಹೆಡ್‌ಫೋನಿನಲ್ಲಿ ನಾಕ್ ಕೇಳುತ್ತದೆಯಾ ಅಂತ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದು ಟಿಕ್ ಕೂಡ ಕೇಳಲಿಲ್ಲ. ಕಚ್ಚಾ 440 ಬಂತು, ಕರೆಕ್ಟ್ ಆಗಿ 543.

ಮ್ಯಾನೇಜರ್ ಆಗ ಗಾಜಿನ ಈಚೆ ಬಂದರು. 543 ಇದ್ದ ಶೀಟನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಗೋಡೆಗೆ ಅಂಟಿಸಿದರು.

ಓನರ್ ಕಾರನ್ನು ಮತ್ತೆ ಕೆಳಗೆ ತಗೊಂಡು ಹೋದರು. ಅಲ್ಲಿನ ಡೈನೋ ಮೇಲೆ ಹತ್ತಿಸಿ ನನಗೆ ಫೋನ್ ಮಾಡಿದರು. 503 ಬಂದಿದೆಯಂತೆ. ಪುಲ್ಲಿಗೆ ದುಡ್ಡು ಕೊಟ್ಟು 17 ಎಚ್‌ಪಿ ಕಳೆದುಕೊಂಡ ಹಾಗಾಯಿತು. "ನಿಮ್ಮ ಮಷೀನ್ ಸುಳ್ಳು ಹೇಳುತ್ತೆ" ಅಂದರು. ಲಾಗ್ ಕಳಿಸಿ ಸಾರ್ ಅಂದೆ. ಅದು ಬರುವವರೆಗೆ ಅವರೂ ಲೈನಿನಲ್ಲೇ ಇದ್ದರು, ನಾನೂ ಇದ್ದೆ, ಮಾತು ಮಾತ್ರ ಇರಲಿಲ್ಲ. ಫೈಲ್ ತೆರೆದ ಕೂಡಲೇ ವಿಷಯ ಗೊತ್ತಾಯಿತು. ಬೂಸ್ಟ್ 10.9. ಮೇಲಿನ ಆರ್‌ಪಿಎಂನಲ್ಲಿ ನಾಕ್ ಸೆನ್ಸರ್ ಎದ್ದು ಕೂತಿದೆ, ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಶನ್ ಟೈಮಿಂಗನ್ನು ಹಿಂದಕ್ಕೆ ಎಳೆದಿದೆ, ಅದಕ್ಕೇ ಪವರ್ ಇಳಿದಿದೆ. 14.7ನ್ನು 1.74ರಿಂದ ಗುಣಿಸಿ, ಅದರಿಂದ 14.7 ಕಳೆದಿದ್ದರೆ ಪುಲ್ಲಿ ಹಾಕುವ ಮೊದಲೇ ಈ 10.9 ನನಗೆ ಪೇಪರ್ ಮೇಲೆ ಕಾಣಿಸುತ್ತಿತ್ತು. ಅದೇ ಪೇಪರ್ ಮೇಲೆ ಓನರಿಗೆ ಪಾಠ ಮಾಡಿದ್ದೆ ನಾನು!

ಇಲ್ಲಿ ನಾಕ್ ಕೇಳಿಸದಿದ್ದದ್ದು ಟ್ಯೂನ್ ಚೆನ್ನಾಗಿದೆ ಅಂತ ಅಲ್ಲ. ಸಿಲಿಂಡರಿಗೆ ಹೋಗುತ್ತಿದ್ದ ಗಾಳಿಯೇ ಕಡಿಮೆ. 440 ಅಳೆದದ್ದು. 543 ಅನ್ನುವುದು, ಕೆಳಗಿನ ದಪ್ಪ ಗಾಳಿಯನ್ನು ಈ ಎಂಜಿನ್, ಈ ಪೆಟ್ರೋಲ್, ಈ ಬೆಲ್ಟ್ ತಡೆದುಕೊಂಡರೆ ಬರಬಹುದಾದ ನಂಬರ್. ಆ 'ತಡೆದುಕೊಂಡರೆ' ಶೀಟಿನಲ್ಲಿ ಪ್ರಿಂಟ್ ಆಗುವುದಿಲ್ಲ. ಸಿಎಫ್ ಲೆಕ್ಕಕ್ಕೆ ಬಳಸುವ ಎಸ್‌ಎಇ ಜೆ1349 ಮಾನದಂಡ ಇರುವುದು ಸಣ್ಣ ಕರೆಕ್ಷನ್‌ಗಳಿಗೆ. ನಾವು ದಿನಾ 23 ಪರ್ಸೆಂಟ್ ಹಾಕಿ, ಪಕ್ಕದಲ್ಲಿ ಎಸ್‌ಎಇ ಅಂತ ಬರೆದು ಕೊಡುತ್ತೇವೆ. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಸೂಪರ್‌ಚಾರ್ಜರ್ ಆದರೂ ವಾಸಿ, ಟರ್ಬೋ ಬಂದರೆ ಇನ್ನೂ ಕಷ್ಟ. ಎಷ್ಟೋ ಟರ್ಬೋ ಕಾರುಗಳಲ್ಲಿ ಇಸಿಯು ಅಬ್ಸಲ್ಯೂಟ್ ಒತ್ತಡ (ಹೊರಗಿನದ್ದೂ ಸೇರಿದ ಒಟ್ಟು ಒತ್ತಡ) ನೋಡಿ, ಬೂಸ್ಟ್ ಹಿಡಿತದಲ್ಲಿಡುವ ವೇಸ್ಟ್‌ಗೇಟ್ ನಡೆಸುತ್ತದೆ. ಎತ್ತರದಲ್ಲಿ ಕಳೆದದ್ದನ್ನು ಬಹುಪಾಲು ತಾನೇ ತುಂಬಿಕೊಳ್ಳುತ್ತದೆ. ಅದರ ಮೇಲೆ ನಾವು ಮತ್ತೆ 1.23 ಹಾಕಿದರೆ ಪುಕ್ಕಟೆ ಕುದುರೆಗಳು. ಒಮ್ಮೆ ಎಲೆಕ್ಟ್ರಿಕ್ ಕಾರಿಗೂ ಸಿಎಫ್ ಆಫ್ ಮಾಡದೆ ಶೀಟ್ ಕೊಟ್ಟುಬಿಟ್ಟಿದ್ದರು ನಮ್ಮವರು. ಬ್ಯಾಟರಿಗೆ ಗಾಳಿಯ ಹಂಗೇ ಇಲ್ಲ ಅಲ್ವಾ! ಆ ಓನರ್ ತುಂಬಾ ಖುಷಿಯಾಗಿ ಹೋದರು.

ಈಗ ಶೀಟಿನಲ್ಲಿ ಕಚ್ಚಾ ಕರ್ವ್ ಮೊದಲು, ಕರೆಕ್ಟ್ ಆಗಿದ್ದು ಆಮೇಲೆ ಬರುವ ಹಾಗೆ ಮಾಡಿದ್ದೇನೆ. ಬೂಸ್ಟ್ ಗೇಜ್ ನಂಬರ್ ಬದಲು ಮ್ಯಾನಿಫೋಲ್ಡ್ ಅಬ್ಸಲ್ಯೂಟ್ ಒತ್ತಡ, ಇಂಟೇಕ್ ಟೆಂಪರೇಚರ್, ಕೋಣೆಯ ಒತ್ತಡ ಮೂರನ್ನೂ ಸೇರಿಸಿದ್ದೇನೆ. ಕಾರು ಎಲ್ಲೆಲ್ಲಿ ಓಡಿಸುತ್ತೀರಿ ಅಂತ ಕೇಳದೆ ಪುಲ್ಲಿ ಮುಟ್ಟುವುದಿಲ್ಲ. ಮ್ಯಾನೇಜರಿಗೆ ಇದು ಅಷ್ಟು ಹಿಡಿಸಿಲ್ಲ. ಕಚ್ಚಾ ನಂಬರ್ ನೋಡಿದರೆ ಗಿರಾಕಿಗಳು ಮುಖ ಸಣ್ಣದು ಮಾಡುತ್ತಾರೆ ಅನ್ನುತ್ತಾರೆ. ನಿಜ, ಮಾಡುತ್ತಾರೆ.

ವಿ8 ಓನರ್ ಹಳೇ ಪುಲ್ಲಿಯನ್ನೇ ವಾಪಸ್ ಹಾಕಿಸಿಕೊಂಡರು. ಕೆಳಗೆ ಈಗ 518 ಬರುತ್ತಿದೆಯಂತೆ. ಆದರೆ ಆ 543ರ ಶೀಟಿನ ಇನ್ನೊಂದು ಪ್ರತಿ ಬೇಕು ಅಂತ ಮೆಸೇಜ್ ಮಾಡಿದ್ದರು. ಮ್ಯಾನೇಜರ್ ಖುಷಿಯಿಂದ ಕಳಿಸಿಕೊಟ್ಟರು.