ಕಣ್ಣಿನ ಹಳದಿ ಇಳಿದರೆ ಗುಣವಾದಂತಾ?

ಚಿಕ್ಕವಳಿದ್ದಾಗ ನನಗೆ ಕಾಮಾಲೆ ಬಂದಿತ್ತು. ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದರು, ಎಣ್ಣೆ ಖಾರ ಎಲ್ಲ ಬಂದ್, ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ಹಣೆ ಸವರುತ್ತಿದ್ದರು, ಕೆಲವು ವಾರದಲ್ಲಿ ಹಳದಿ ಇಳಿಯಿತು. ಸೊಪ್ಪಿನಿಂದಲೇ ಗುಣವಾಯಿತು ಅಂತ ಬಹಳ ವರ್ಷ ನಂಬಿದ್ದೆ. ಆದರೆ ಕಾಮಾಲೆ ತರುವ ಲಿವರಿನ ವೈರಸ್ ಸೋಂಕುಗಳಲ್ಲಿ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತದೆ. ಬಿ ಹಾಗಲ್ಲ. ಹಳದಿ ಹೋದರೂ ಕೆಲವರಲ್ಲಿ ವೈರಸ್ ಉಳಿದು, ಸದ್ದಿಲ್ಲದೆ ಲಿವರ್ ಹಾಳುಮಾಡುತ್ತದೆ. 1988ರಲ್ಲಿ ಮದ್ರಾಸಿನ ಒಂದು ಅಧ್ಯಯನ ನೆಲನೆಲ್ಲಿ ಇದಕ್ಕೂ ಮದ್ದಾಗಬಹುದು ಅಂತ ಆಸೆ ಹುಟ್ಟಿಸಿತ್ತು, ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ.

ಡಾಕ್ಟರಿಗೆ ಗುಣ ಅಂದರೆ ರಕ್ತದ ರಿಪೋರ್ಟು. ನನಗೆ, ಮತ್ತೆ ಹಸಿವಾದ ಆ ದಿನ. ಎರಡೂ ನಿಜ ಅಲ್ವಾ? ಮಗಳ ಕಣ್ಣು ಹಳದಿಯಾದಾಗ ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ಆಮೇಲೆ ಗಂಜಿ ಮಾಡಿ, ಹಣೆ ಸವರುತ್ತಾ ಕೂತೆ.